ತಾಯಿ ಮರದ ತಪ್ಪು

ಬಡಾವಣೆ ಸಂಘದ ಅಧ್ಯಕ್ಷ ಪರಶಿವಯ್ಯನವರು ಮರದ ಮೇಲೆ ದೂರು ಹೊತ್ತು ಸಸಿ ಬೆಳೆಸುವ ಲ್ಯಾಬಿಗೆ ಮತ್ತೆ ಬಂದರು. ಮರದಲ್ಲಿ ತಪ್ಪು ಹುಡುಕುವುದರಲ್ಲಿ ಅವರದು ಎತ್ತಿದ ಕೈ. ಊರಿನ ರಸ್ತೆಬದಿಯ ಗುಲ್‌ಮೊಹರ್‌ಗಳೆಲ್ಲ ಹುಟ್ಟುತ್ತಿದ್ದದ್ದು ಇಲ್ಲಿನ ವಿಜ್ಞಾನಿ ಕುಮುದಿನಿಯ ಬಾಟಲಿಗಳಲ್ಲಿ. ಜನ ಬೇಡವೆಂದ ಗುಣವನ್ನು ಅವಳು ಚಿಗುರಿನಲ್ಲೇ ತೆಗೆದುಬಿಡುತ್ತಿದ್ದಳು. ಕಸ ಗುಡಿಸುವವರು ಯಾರು ಎಂದು ಕೇಳಿದ ಮೇಲೆ ಎಲೆ ಉದುರುವುದು ನಿಂತಿತು. ಕಾಗೆ ಗಲೀಜು ಮಾಡುತ್ತದೆಂದ ಮೇಲೆ ಕಾಗೆ ಕೂರಲಾಗದಂಥ ಕೊಂಬೆ ಬಂತು.

"ಈಗೇನು ಸಾರ್?"

"ನೆರಳು ಕಣಮ್ಮ. ಮರ ಇರೋದು ನಮ್ಮ ಗೇಟಿನ ಮುಂದೆ, ನೀರು ಹಾಕೋದು ನಾವು. ನೆರಳು ಮಾತ್ರ ಎದುರುಮನೆಯವನ ಕಾರಿಗೆ."

ಕುಮುದಿನಿ ಕಪಾಟಿನಿಂದ ಒಂದು ಬಾಟಲಿ ತೆಗೆದುಕೊಟ್ಟಳು. ಒಳಗೆ ಹೆಬ್ಬೆರಳುದ್ದದ ಮರ. "ಇದು ಬೆಳೆಯೋದೇ ಇಲ್ಲ ಸಾರ್. ಬಾಟಲಿ ಸಮೇತ ನೆಟ್ಟುಬಿಡಿ."

ಪರಶಿವಯ್ಯನವರ ಕಣ್ಣು ತುಂಬಿ ಬಂತು. "ಮರ ಅಂದ್ರೆ ಇದು."

ಅಂಗಳಕ್ಕೆ ಬಂದವರೇ ಸಿಡುಕಿದರು. ಹಳೆಯ ಮರದಡಿ ನಿಲ್ಲಿಸಿದ್ದ ತಮ್ಮ ಕಾರಿನ ಮೈತುಂಬ ಕೆಂಪು ಹೂ. "ಇದನ್ಯಾಕೆ ಸುಧಾರಿಸಿಲ್ಲ?"

"ಅದು ತಾಯಿ ಮರ ಸಾರ್. ಎಲ್ಲ ಸಸಿಗೂ ಅದರ ಚಿಗುರೇ ಮೂಲ."

"ಹಾಗಾದ್ರೆ ತಪ್ಪೆಲ್ಲ ಇದರದ್ದೇ ಅನ್ನಿ. ಕಡಿಸಿಬಿಡೋಣ. ನಿಮ್ಮ ಡೈರೆಕ್ಟರಿಗೆ ಈಗಲೇ ಹೇಳಿ ಬರ್ತೀನಿ."

ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, ಬಾಟಲಿಯನ್ನು ಜೋಪಾನವಾಗಿ ಆ ಮರದ ಬುಡದಲ್ಲೇ ಇಟ್ಟರು.

"ನಾನು ಬರೋವರೆಗೂ ಇಲ್ಲೇ ಇರಲಿ ಕಣಮ್ಮ. ಬಿಸಿಲಿಗೆ ಬಾಡಿಹೋದೀತು."