ಕೋರೆಯಿಲ್ಲದ ಆನೆ

"ಇದರೊಳಗೆ ಯಾರೋ ಕೂತಿದ್ದಾರೆ," ಎಂದ ಕೋ ಝೇಯಾ, ಗೋಡೆಗೆ ಹೊಡೆದಿದ್ದ ಇಂಟರ್ನೆಟ್ ಪೆಟ್ಟಿಗೆಯನ್ನು ತೋರಿಸುತ್ತ. ನೆಟ್ ಬಹಳ ನಿಧಾನ, ಒಮ್ಮೆ ನೋಡಪ್ಪ ಎಂದು ಮನೆಯೊಡತಿ ಡಾ ಒನ್ ಮೇ ಅವನನ್ನು ಬೀದಿ ಕೊನೆಯ ಮೊಬೈಲ್ ಅಂಗಡಿಯಿಂದ ಕರೆಸಿದ್ದಳು. ಆಕೆ ಹೆದರಿ, ಹಲ್ಲಿಯೇನಾದರೂ ಇದೆಯೇ ಎಂದು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು.

"ಹಲ್ಲಿ ಅಲ್ಲ ದೊಡ್ಡಮ್ಮ, ಮನುಷ್ಯರು. ಈ ಡಬ್ಬಿ ಮಾಡುವಾಗಲೇ ಹಿಂಬಾಗಿಲು ಬಿಟ್ಟಿದ್ದಾರೆ. ಅದರ ಕೀಲಿ ಗೊತ್ತಿದ್ದೋರು ಎಲ್ಲೋ ಕೂತ್ಕೊಂಡೇ ಒಳಗೆ ಬರಬಹುದು. ಬಂದೂ ಇದ್ದಾರೆ. ಯಮೋನ್ ಯಾರ ಜೊತೆ ಮಾತಾಡ್ತಾಳೆ ಅಂತ ನೋಡ್ತಿದ್ದಾರೆ."

"ಯಾರಪ್ಪ ಅವರು?"

ಝೇಯಾ ವಾರ್ಡ್ ಆಫೀಸಿನ ಕಡೆಗೆ ತುಟಿ ಚಾಚಿದ, ಅಷ್ಟೆ.

ಡಾ ಒನ್ ಮೇ ಒಳಕೋಣೆಯ ಕಡೆ ನೋಡಿದಳು. ಸೈನ್ಯ ಅಧಿಕಾರ ಹಿಡಿದ ಮೇಲೆ ಮಗಳು ಯಮೋನ್ ಸರ್ಕಾರಿ ಶಾಲೆಯ ಕೆಲಸ ಬಿಟ್ಟಿದ್ದಳು. ಈಗ ದಿನಾ ಸಂಜೆ ಒಳಕೋಣೆಯಲ್ಲಿ ಫೋನ್ ಹಿಡಿದು, ಸರ್ಕಾರ ನಿಷೇಧಿಸಿದ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಸಿಕ್ಕಿಬಿದ್ದರೆ ಅವಳಿಗೆ ಜೈಲು ಖಂಡಿತ. ಆ ಮಕ್ಕಳ ಮನೆಗಳಿಗೆ ಏನಾಗುತ್ತದೆ ಎಂದು ಯೋಚಿಸಲು ಮಂಡಲೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

"ಹಾಗಾದ್ರೆ ಈಗಲೇ ಕಿತ್ತು ಬಿಸಾಕ್ತೀನಿ," ಎಂದಳು ಒಳಕೋಣೆಯಿಂದ ಹೊರಬಂದ ಯಮೋನ್.

"ಹುಚ್ಚಾ ನಿಂಗೆ?" ಎಂದ ಝೇಯಾ. " ಸಂಜೆ ಬೀದಿಗೆಲ್ಲಾ ಕರೆಂಟ್ ಹೋಗುತ್ತಲ್ಲ, ಆಗ ತೆಗಿ. ಎಲ್ಲರ ಮನೇದೂ ಆರಿದಾಗ ನಿಮ್ಮದೂ ಆರಲಿ. ಕರೆಂಟ್ ಬಂದಾಗ ಸುಟ್ಟುಹೋಯ್ತು ಅಂದ್ಬಿಡು. ಇಲ್ಲಿ ದಿನಾ ಒಬ್ಬರದ್ದಲ್ಲ ಒಬ್ಬರದ್ದು ಸುಡ್ತಾನೇ ಇರುತ್ತೆ, ಯಾರೂ ಕೇಳಲ್ಲ."

ಬುದ್ಧಿಯ ಮಾತೇ. ಆದರೆ ಮನೆಯೊಳಗೆ ಹಾವು ಹೊಕ್ಕಿದೆ ಎಂದ ಮೇಲೆ ಸಂಜೆಯವರೆಗೆ ಕಾಯುವ ತಾಯಿ ಎಲ್ಲಿದ್ದಾಳೆ? ಝೇಯಾ ಬೀದಿ ತಿರುವು ದಾಟಿದ. ಯಮೋನ್ ಹಿತ್ತಲಿನ ತೊಟ್ಟಿಯ ಹತ್ತಿರ ಸ್ನಾನಕ್ಕೆ ಹೋದಳು. ಡಾ ಒನ್ ಮೇ ಬುದ್ಧನಿಗೊಮ್ಮೆ ಕೈಮುಗಿದು ಪೆಟ್ಟಿಗೆಯ ವೈರನ್ನು ಎಳೆದೇಬಿಟ್ಟಳು.

ಒದ್ದೆ ಕೂದಲಲ್ಲಿ ಒಳಗೆ ಬಂದ ಯಮೋನ್ ಆರಿದ ಪೆಟ್ಟಿಗೆ ನೋಡಿದಳು. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

"ಅಮ್ಮಾ! ಇನ್ನೂ ಕರೆಂಟ್ ಇದೆಯಲ್ಲಮ್ಮಾ!"

"ಇದ್ದರೆ ಇರಲಿ. ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ ಕಣೆ."

ಸಂಜೆಯಾಗುವ ಮೊದಲೇ ಬಾಗಿಲ ಬಳಿ ಕೆಮ್ಮು ಕೇಳಿಸಿತು. ವಾರ್ಡ್ ಆಫೀಸಿನ ಊ ತಾನ್ ಪೆ ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ, ನಗುನಗುತ್ತ ಒಳಗೆ ಬಂದ. ಅತಿ ವಿನಯ ಧೂರ್ತ ಲಕ್ಷಣ ಎನ್ನುವುದು ಸುಮ್ಮನಲ್ಲ. ಕಂಕುಳಲ್ಲಿ ಹೊಸ ಪೆಟ್ಟಿಗೆಯೊಂದಿತ್ತು.

"ಏನಕ್ಕಾ, ನೆಟ್ ಕೆಟ್ಟಿದೆಯಂತೆ? ಹೇಳಿ ಕಳಿಸೋದಲ್ವಾ?"

"ನಾವು ಯಾರಿಗೂ ಹೇಳೇ ಇಲ್ವಲ್ಲಪ್ಪ," ಎಂದಳು ಡಾ ಒನ್ ಮೇ.

"ಹೇಳಬೇಕಾ? ಬೀದಿಗೆಲ್ಲಾ ಕರೆಂಟ್ ಇದೆ, ನಿಮ್ಮ ಮನೇದೊಂದು ಮಾತ್ರ ಆರಿದೆ. ನಮಗೆ ಗಾಬರಿ ಆಗಲ್ವಾ ಹೇಳಿ?"

ಮನೆಗೆ ಬಂದವರಿಗೆ ಚಹಾ ಕೊಡದೆ ಇರುವ ಹಾಗಿಲ್ಲ. ಆಕೆ ಚಹಾ ಬಗ್ಗಿಸುವಷ್ಟರಲ್ಲಿ ಅವನು ಹಳೆಯದನ್ನು ಕಳಚಿ ಹೊಸದನ್ನು ಗೋಡೆಗೆ ಸಿಕ್ಕಿಸಿ ಮುಗಿಸಿದ್ದ. ಹಸಿರು ದೀಪ ಹತ್ತಿತು.

"ಪಾಸ್‌ವರ್ಡ್ ಹಳೇದೇ, ನೆಟ್ ಹೆಸರೂ ಹಳೇದೇ ಇಟ್ಟಿದೀನಿ ಟೀಚರ್. ಹೊಸದು ನೆನಪಿಟ್ಕೊಳ್ಳೋ ಕಷ್ಟ ನಿಮಗ್ಯಾಕೆ? ಕೋರೆಯಿಲ್ಲದ ಆನೆ. ಅಂದ್ರೆ ನೀವು ಹುಟ್ಟಿದ್ದು ಬುಧವಾರ ಮಧ್ಯಾಹ್ನದ ಮೇಲೆ, ಅಲ್ವಾ? ನಮ್ಮ ಮನೆಯವಳ ಜನ್ಮವಾರದ್ದೂ ಅದೇ ಪ್ರಾಣಿ."

ಯಮೋನ್ ಮಂಚದ ಕಡೆ ನೋಡಿದಳು. ಆ ಎರಡು ಪದ ತಾಯಿ ಮಗಳಿಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಮಂಚದ ಮೇಲಿನ ತನ್ನ ಫೋನ್ ಹಳೆಯ ಹೆಸರು, ಹಳೆಯ ಗುಟ್ಟು ನಂಬಿ ತಾನಾಗಿಯೇ ಹೊಸ ಪೆಟ್ಟಿಗೆಗೆ ಅಂಟಿಕೊಂಡದ್ದು ಅವಳಿಗೆ ಆಗ ಹೊಳೆಯಿತು. ಎದ್ದು ಅದನ್ನು ಆರಿಸಬೇಕೆಂದರೆ, ಮಂಚಕ್ಕೂ ಅವಳಿಗೂ ನಡುವೆ ಊ ತಾನ್ ಪೆ ಕಾಲು ಚಾಚಿ ಕೂತಿದ್ದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಬೀದಿಯುದ್ದಕ್ಕೂ ಅಯ್ಯೋ ಎಂಬ ಕೂಗೆದ್ದಿತು. ಫ್ಯಾನ್ ನಿಂತಿತು, ಮುಚ್ಚಿದ ಕಿಟಕಿಗಳ ಕೋಣೆ ಕಪ್ಪಾಯಿತು. ಗೋಡೆಯ ಹಸಿರು ದೀಪ ಮಾತ್ರ ಆರಲಿಲ್ಲ.

"ಬ್ಯಾಟರಿ ಇರೋದನ್ನೇ ತಂದಿದೀನಿ," ಎಂದಿತು ಕತ್ತಲೊಳಗಿನ ದನಿ. "ಇನ್ಮೇಲೆ ಇದು ಆರೋದೇ ಇಲ್ಲ."

ಮಂಚದ ಮೇಲೆ ಫೋನ್ ಟಿಣ್ ಎಂದಿತು. ಮತ್ತೊಮ್ಮೆ. ಆಮೇಲೆ ಬಿಡುವೇ ಇಲ್ಲದೆ. ಅದರ ಬೆಳಕಲ್ಲಿ ಊ ತಾನ್ ಪೆ ಚಹಾ ಗುಟುಕರಿಸುತ್ತಿರುವುದು ಕಾಣಿಸಿತು.

"ತಗೊಳ್ಳಿ ಟೀಚರ್," ಎಂದ ಅವನು, ಮೆಲ್ಲಗೆ. "ಮಕ್ಕಳು ಕಾಯ್ತಿದ್ದಾರೆ."