ಬೇರಿಲ್ಲದ ಮರ

“ಬೇರು? ಎಲ್ಲಿದೆಯಮ್ಮಾ ಬೇರು?” ಪುರಸಭೆಯ ಇಂಜಿನಿಯರ್ ಬೂಟುಗಾಲಿನಿಂದ ಫುಟ್‌ಪಾತನ್ನು ಎರಡು ಸಲ ಕುಟ್ಟಿದರು. “ಮರ ಆ ಕಡೆ, ನಿಮ್ಮ ಗೋಡೆ ಈ ಕಡೆ. ನಡುವೆ ಈ ಕಲ್ಲುಗಳನ್ನ ನೋಡಿ, ಕನ್ನಡಿ ಹಾಗಿವೆ. ಬೇರು ಬಂದಿದ್ರೆ ಒಂದು ಕಲ್ಲಾದ್ರೂ ಎದ್ದಿರಬೇಕಿತ್ತಲ್ಲ?”

ಟೈಲರಮ್ಮ ಬಗ್ಗಿ ನೋಡಿದಳು. ಕಲ್ಲುಗಳು ನಿಜಕ್ಕೂ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಲಗಿದ್ದವು. ಆದರೆ ಅವಳ ಅಂಗಡಿಯ ಗೋಡೆ ಬುಡದಿಂದ ಕಿಟಕಿಯವರೆಗೆ ಬಾಯಿ ಬಿಟ್ಟಿತ್ತು. ತಿಂಗಳಿಗೊಮ್ಮೆ ಟೇಪು ಹಿಡಿದು ಬಿರುಕಿನ ಅಳತೆಯನ್ನು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಇಷ್ಟು ಬೇಗ ಬೆಳೆದ ಸೊಂಟವನ್ನು ಅವಳು ತನ್ನ ಕಸುಬಿನಲ್ಲೇ ಕಂಡಿರಲಿಲ್ಲ. ಅಗೆದು ಬೇರು ತೋರಿಸೋಣವೆಂದರೆ ಮರದ ಹಾಗೇ ಫುಟ್‌ಪಾತೂ ಪುರಸಭೆಯದು, ಮುಟ್ಟಿದರೆ ಕೇಸು.

ಇಂಜಿನಿಯರ್ ಕೈಯ ಹಾಳೆಯಲ್ಲಿ ತೀರ್ಪು ಆಗಲೇ ತಯಾರಿತ್ತು: ‘ಗೋಡೆ ಅಪಾಯಕಾರಿ. ಕೂಡಲೇ ಕೆಡವತಕ್ಕದ್ದು. ಹಾನಿಗೆ ಪುರಸಭೆ ಹೊಣೆಯಲ್ಲ.’ ಸಹಿಯೊಂದು ಬಾಕಿ. ಗೋಡೆ ಹೋದರೆ ಛಾವಣಿ ನಿಲ್ಲುವುದಿಲ್ಲ, ಛಾವಣಿ ಹೋದರೆ ಎರಡು ಹೊಲಿಗೆ ಯಂತ್ರಗಳೂ ಅವಳೂ ಬೀದಿಪಾಲು. ಕೆಡವುವುದಕ್ಕೆಂದೇ ಪುರಸಭೆಯ ಗಾರೆ ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದ.

“ಒಳ್ಳೆ ನೆಲ ಕಣಮ್ಮಾ ಇದು,” ಇಂಜಿನಿಯರ್ ಪೆನ್ನು ತೆಗೆದರು. “ಹಾಸಿದ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ. ಒಬ್ಬರೂ ಕೈ ಹಚ್ಚಬೇಕಾಗಿ ಬಂದಿಲ್ಲ.”

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. “ಏನಂದ್ರಿ ಸಾರ್? ಯಾರೂ ಕೈ ಹಚ್ಚಿಲ್ವಾ? ಹಾಗಾದ್ರೆ ನಾನೇನು ಇಲ್ಲಿ ಕತ್ತೆ ಕಾಯ್ತಿದ್ನಾ? ಮೂರು ಸಲ ಕಿತ್ತು ಹಾಸಿದೀನಿ! ಮೂರು ಸಲಾನೂ ಆ ಬೇರು ಎತ್ತಿ ಒಗೀತು. ಕಡಿದ್ರೆ ಮರ ಬೀಳುತ್ತೆ, ಕಡೀಬೇಡ ಅಂದ್ರು ಹಿಂದಿನ ಸಾಹೇಬ್ರು. ಅದಕ್ಕೇ ಒಂದೊಂದು ಕಲ್ಲನ್ನೂ ಅಡಿಯಿಂದ ಕೆತ್ತಿ, ಬೇರಿನ ಮೈಗೆ ಸರಿಯಾಗಿ ಕೂರಿಸಿದೀನಿ. ರಸಮಟ್ಟ ಇಟ್ಟು ನೋಡಿ, ಕೂದಲೆಳೆ ಏರುಪೇರಿದ್ರೆ ಮೀಸೆ ಬೋಳಿಸ್ಕೋತೀನಿ!”

“ಮೇಸ್ತ್ರೀ, ಬಾಯಿ ಮುಚ್ಚು.”

ಹಾರೆ ಆಗಲೇ ಸಂದಿಗೆ ಇಳಿದಿತ್ತು. ಒಂದು ಕಲ್ಲು ಮಗುಚಿಕೊಂಡಿತು. ಕೆಳಗೆ ತೊಡೆಗಾತ್ರದ ಬೇರು, ಎಲ್ಲೂ ವಾಲದೆ, ನೇರವಾಗಿ ಅಂಗಡಿಯ ಗೋಡೆಯ ಕೆಳಕ್ಕೆ ನುಗ್ಗಿತ್ತು. ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ಬಗ್ಗಿ ನೋಡಿದರು.

ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. “ಇದೆಲ್ಲಿಗೆ ಹೊರಟಿದೆ ಸಾರ್, ಬಸ್ ಸ್ಟ್ಯಾಂಡಿಗಾ?” ಎಂದಳು. ಜನ ಗೊಳ್ಳೆಂದು ನಕ್ಕರು. “ಮೂರು ಸಲ ಕಣ್ಣಾರೆ ಕಂಡಿದೆ ನಿಮ್ಮ ಆಫೀಸು. ಗೊತ್ತಿದ್ದೂ ಕಲ್ಲು ಮುಚ್ಚಿ ಕೂತ್ರಲ್ಲ! ಈಗ ಬರೀರಿ.”

ಇಂಜಿನಿಯರ್ ಹಳೆಯ ಸಾಲುಗಳನ್ನು ಹೊಡೆದುಹಾಕಿ ಬರೆದರು. ಅವಳು ಬಿಡಲಿಲ್ಲ, ಎಲ್ಲರಿಗೂ ಕೇಳುವಂತೆ ಓದಿಸಿದಳು: “ಪುರಸಭೆಯ ಮರದ ಬೇರಿನಿಂದ ಹಾನಿ. ಗೋಡೆ ಕಟ್ಟಿಕೊಡುವ ಹೊಣೆ ಪುರಸಭೆಯದು.” ಸಹಿಯೂ ಬಿತ್ತು. ಅವಳಿಗೆ ಅಲ್ಲೇ ಕುಣಿದುಬಿಡಬೇಕೆನ್ನಿಸಿತು.

ಮೇಸ್ತ್ರಿಗೆ ಇದಾವುದರ ಪರಿವೆಯೂ ಇರಲಿಲ್ಲ. ಮಗುಚಿದ ಕಲ್ಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಕೆತ್ತಿದ ಮೈಯನ್ನು ಬಿಸಿಲಿಗೆ ತಿರುಗಿಸಿ ಹಿಡಿದು ಕಾಯುತ್ತಿದ್ದ.

“ಕೆಲಸ ಹೇಗಿದೆ ಅಂತ ನೀವಿನ್ನೂ ಹೇಳಲೇ ಇಲ್ವಲ್ಲ ಸಾರ್?”