ಅರ್ಧ ಲ್ಯಾಪ್‌ಟಾಪ್

ತೀರಿಕೊಂಡ ಗಂಡನ ಟ್ಯಾಬ್ಲೆಟ್ಟನ್ನು ನೀಲಾಂಬಿಕಾ ರಿಪೇರಿ ಅಂಗಡಿಯವನ ಮುಂದಿಟ್ಟರು. ಕೀಬೋರ್ಡ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಆಗುವಂಥದು; ಬಿಡಿಸಿಟ್ಟರೂ ಕೀಬೋರ್ಡ್ ತಂತಿಯಿಲ್ಲದೆ ದೂರದಿಂದಲೇ ಕೆಲಸ ಮಾಡುವಂಥದು.

"ಮುನಿಸಿಕೊಂಡು ಹೋದ ಮಗಳಿಗೆ ಕಡೀಕ ಒಂದು ಪತ್ರ ಬರದಿಟ್ಟಿದ್ರು. ಇದರಾಗ ಐತಿ. ಅಕಿಗೆ ಮುಟ್ಟಿಸಬೇಕು."

"ಪಾಸ್‌ವರ್ಡ್ ಇಲ್ಲದ ತೆರಿಯಂಗಿಲ್ರಿ ಅಕ್ಕಾರ. ಕೀಬೋರ್ಡ್ ಎಲ್ಲೈತ್ರಿ?"

"ಅವರ ಕೂಡನ ಹೋತು. ನಮ್ಮಲ್ಲಿ ಕುಂದ್ರಿಸಿ ಮಣ್ಣು ಮಾಡ್ತಾರಲ್ಲ, ತೊಡಿ ಮ್ಯಾಲ ಇಟ್ವಿ. ದಿನಾ ಹಂಗ ಇಟ್ಕೊಂಡು ಕುಂದರತಿದ್ರು."

ಅಂಗಡಿಯವನು ನಗು ನುಂಗಿಕೊಂಡ. "ಹಂಗಾರ ಪಾಸ್‌ವರ್ಡ್ ಅವರನ್ನ ಕೇಳಬೇಕ್ರಿ."

ಯಾರೂ ಮುಟ್ಟದ ಪರದೆಯ ಮೇಲೆ, ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಒಂದು ಚುಕ್ಕೆ ಮೂಡಿತು. ಆಮೇಲೆ ಇನ್ನೊಂದು. ಎಂಟನೆಯ ಚುಕ್ಕೆಗೆ ಬೀಗ ತೆರೆದು ಪತ್ರ ಕಾಣಿಸಿತು.

"ನೋಡಪಾ, ಕೇಳಿಸಿಕೊಂಡ್ರು!" ಎಂದು ನೀಲಾಂಬಿಕಾ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ, ಪತ್ರ ಕೊನೆಯ ಅಕ್ಷರದಿಂದ ಹಿಂದಕ್ಕೆ ಅಳಿಯತೊಡಗಿತು.